ಬಿಳಿ ಇಲಿಗಳಿಗೆ ಪಾಳಿ ಹಚ್ಚಿದವಳು

ನಮ್ಮ ಚಿಗವ್ವನ ದನದ ಕೊಟ್ಟಿಗೆಯಲ್ಲಿ ಈಗ ದನಗಳಿಲ್ಲ. ಬಿಳಿ ಇಲಿಗಳಿವೆ.

ಸುಳ್ಳಲ್ಲ. ಬೈಲಹೊಂಗಲಕ್ಕೆ ಬನ್ನಿ, ತೋರಿಸುತ್ತೇನೆ. ಹತ್ತಿ ಪೇಟೆಯ ಹಿಂದಿನ ಓಣಿಯಲ್ಲಿ ಅವಳ ಮನೆ. ಎತ್ತುಗಳನ್ನು ಹೊಲದ ಮನೆಗೆ ಸಾಗಿಸಿ, ಅವು ನಿಲ್ಲುತ್ತಿದ್ದ ಜಾಗದಲ್ಲಿ ಹಲಗೆ ಹಾಕಿ, ಹಲಗೆಯ ಮೇಲೆ ತಂತಿಯ ಪಂಜರಗಳನ್ನು ಸಾಲಾಗಿ ಇಟ್ಟಿದ್ದಾರೆ. ಒಳಗೆ ಕಾಲಿಟ್ಟರೆ ಸೆಗಣಿಯ ಹಳೆಯ ವಾಸನೆ, ಅದರ ಮೇಲೆ ಇಲಿಯ ಹೊಸ ವಾಸನೆ.

"ಹೊಲದಾಗ ಮಂದಿ ಇಲಿಗೆ ವಿಷಾ ಇಡತಾರ. ನನ್ನ ಮಗಾ ಮನ್ಯಾಗ ನೆನಿ ಕಡ್ಲಿ ಇಡತಾನ" ಎಂದು ಚಿಗವ್ವ ಬಂದವರ ಮುಂದೆಲ್ಲ ಹೇಳುತ್ತಾಳೆ. "ಬಾಣಂತಿಗೂ ಇಷ್ಟು ಜ್ವಾಪಾನ ಮಾಡಿಲ್ಲ ಬಿಡ್ರಿ."

ಮಗ ಎಂದರೆ ಬಸಲಿಂಗ. ನಮಗೆಲ್ಲ ಬಸು. ನನ್ನ ಕಾಕಾನ ಕಿರಿಯ ಮಗ. ಊರಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಾನೆ. ಧಾರವಾಡದಲ್ಲಿ ಒಬ್ಬರು ಗೈಡ್ ಇದ್ದಾರೆ, ಅವರ ಕೈಕೆಳಗೆ ಪಿಎಚ್.ಡಿ. ಮಾಡುತ್ತಿದ್ದಾನೆ. ಕಾಲೇಜಿನಲ್ಲಿ ಇಲಿ ಸಾಕಲು ಜಾಗವಿಲ್ಲ. ಮನೆಯಲ್ಲಿ ಇದೆ. (ನಮ್ಮ ಕಡೆ ಮನೆಯಲ್ಲಿ ಯಾವುದಕ್ಕೆ ಜಾಗವಿಲ್ಲ, ಹೇಳಿ?)

ಅವನ ವಿಷಯ ಇಷ್ಟು: ಒಂದು ಪ್ರಾಣಿಯನ್ನು ದಿನವೂ ಕಾಡಿದರೆ ಅದರ ಮೈಯೊಳಗೆ ಏನಾಗುತ್ತದೆ?

ಇಲಿಗಳಲ್ಲಿ ಎರಡು ಗುಂಪು. ಒಂದು ಗುಂಪಿನ ಪಂಜರಗಳಿಗೆ ಕೆಂಪು ದಾರ, ಇನ್ನೊಂದರ ಪಂಜರಗಳಿಗೆ ಬಿಳಿ ದಾರ. ಕೆಂಪು ದಾರದ ಇಲಿಗಳನ್ನು ಬಸು ಮುಂಜಾನೆ ಒಂದೊಂದಾಗಿ ಹಿಡಿದು ತಗಡಿನ ಕೊಳವೆಯೊಳಗೆ ಸೇರಿಸುತ್ತಾನೆ. ಉಸಿರಾಡಲು ತೂತುಗಳಿವೆ. ತಿರುಗಲು ಜಾಗವಿಲ್ಲ. ಅವನು ಸ್ನಾನ ಮುಗಿಸಿ, ಲಿಂಗಪೂಜೆ ಮುಗಿಸಿ, ಉಂಡು, ಕಾಲೇಜಿಗೆ ಹೊರಡುವ ತನಕ ಅವು ಅದರೊಳಗೇ ಇರಬೇಕು. ನೋವಿಲ್ಲ, ಗಾಯವಿಲ್ಲ. ಅಲುಗಾಡುವಂತಿಲ್ಲ, ಅಷ್ಟೆ. ಬಿಳಿ ದಾರದವು ಕಂಟ್ರೋಲ್ ಗುಂಪು. ಅವುಗಳಿಗೆ ಏನೂ ಮಾಡುವುದಿಲ್ಲ. ತಿನ್ನುವುದು, ಮಲಗುವುದು, ಮೀಸೆ ತಿಕ್ಕಿಕೊಳ್ಳುವುದು. ಕೊನೆಗೆ ಎರಡನ್ನೂ ಕೊಯ್ದು ಹೋಲಿಸಿ ನೋಡುವುದು.

"ಹೆದರಿದ್ರ ಒಂದು ಗ್ರಂಥಿ ಹಾರ್ಮೋನು ಬಿಡತೈತಿ ಅಣ್ಣಾ" ಎಂದು ಬಸು ನನಗೆ ತಿಳಿಹೇಳಿದ್ದ. "ಮೂತ್ರಪಿಂಡದ ಮ್ಯಾಲ ಟೊಪಗಿ ಇಟ್ಟಂಗ ಕುಂತಿರತೈತಿ ಅದು. ಬೆಕ್ಕು ಬಂತು, ಹಾರ್ಮೋನು ಬಿಡತು, ಇಲಿ ಓಡತು, ಉಳೀತು. ಅದಕ್ಕಂತ ಇರೂದು ಅದು. ಆದ್ರ ದಿನಾ ಬೆಕ್ಕು ಬಂದ್ರ?"

"ಏನಾಗತೈತಿ?"

"ಗ್ರಂಥಿ ದಪ್ಪ ಆಗತೈತಿ. ಹೊಟ್ಟ್ಯಾಗ ಹುಣ್ಣು ಬೀಳತಾವು. ಹೆಣ್ಣಿಲಿದು ಋತು ತಪ್ಪತೈತಿ. ನಡತೀನೂ ಬದಲಾಗತೈತಿ."

ನಡತೆ ನೋಡಲು ಅವನಲ್ಲಿ ಅಗಲವಾದ ಕಟ್ಟಿಗೆಯ ಪೆಟ್ಟಿಗೆಯೊಂದಿದೆ, ಮುಚ್ಚಳವಿಲ್ಲದ್ದು. ಆರಾಮಾಗಿರುವ ಇಲಿಯನ್ನು ಅದರಲ್ಲಿ ಬಿಟ್ಟರೆ ಸ್ವಲ್ಪ ಹೊತ್ತು ಮೂಸಿ, ಆಮೇಲೆ ಎಲ್ಲ ಕಡೆ ತಿರುಗುತ್ತದೆ. ಕಾಡಿಸಿಕೊಂಡ ಇಲಿ ಮೂಲೆ ಹಿಡಿದು ಕೂರುತ್ತದೆ. ಇಡೀ ಅಂಗಳದಷ್ಟು ಜಾಗ ಕೊಟ್ಟರೂ ಅದಕ್ಕೆ ಮೂಲೆಯೇ ಬೇಕು.

ನನ್ನನ್ನು ಬಹಳ ಕಾಡಿದ್ದು ಇನ್ನೊಂದು ಸಂಗತಿ. ಮೊದಮೊದಲು ಕೊಳವೆಗೆ ಹಾಕುವಾಗ ಇಲಿಗಳು ಕಚ್ಚುತ್ತಿದ್ದವು, ಕಿರಿಚುತ್ತಿದ್ದವು. ಕೆಲವು ವಾರಗಳ ಮೇಲೆ ಕೆಲವು ಇಲಿಗಳು ಕೊಳವೆಯ ಬಾಯಿ ಕಂಡ ಕೂಡಲೇ ತಾವೇ ಒಳಗೆ ಹೋಗತೊಡಗಿದವು.

"ರೂಢಿ ಆತಲ್ಲ, ಛಲೋ ಆತು" ಎಂದೆ.

"ರೂಢಿ ಆತು ಅಂದ್ರ ಆರಾಮ ಆತು ಅಂತ ಅಲ್ಲಣ್ಣ" ಎಂದ ಬಸು. "ಹೊರಗ ಸುಮ್ಮನ ಕಾಣತಾವು. ಒಳಗ ಏನೈತಿ ಅನ್ನೂದು ಕೊಯ್ದಾಗ ಗೊತ್ತಾಗೂದು."

ಈ ಇಲಿಗಳ ಪಂಜರ ತೊಳೆಯುವುದು, ಕಡಲೆ ನೆನೆಹಾಕುವುದು, ನೀರಿಡುವುದು ಬಸುವಿನ ಹೆಂಡತಿ ನೀಲವ್ವನ ಕೆಲಸ. ಮೂವರು ಸೊಸೆಯರಲ್ಲಿ ಕಿರಿಯಳು. ಆ ಮನೆಯಲ್ಲಿ ರೊಟ್ಟಿ ಬಡಿಯಲು ವಾರದ ಪಾಳಿ ಇದೆ. ಒಂದು ವಾರ ಹಿರಿಯ ಸೊಸೆ, ಒಂದು ವಾರ ನಡುವಿನವಳು, ಒಂದು ವಾರ ನೀಲವ್ವ. ಚಿಗವ್ವ ಹಾಕಿಕೊಟ್ಟ ಪದ್ಧತಿ. ಈ ವಿಷಯದಲ್ಲಿ ಅವಳು ಬಹಳ ನ್ಯಾಯವಂತೆ. (ಎಂದು ಅವಳೇ ಹೇಳುತ್ತಾಳೆ.)

ಪಾಳಿ ತಪ್ಪುವುದು ಪಂಚಮಿಗೆ.

ನಮ್ಮ ಕಡೆ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಕರೆಯಲು ಬರುತ್ತಾನೆ. ತವರಿಗೆ ಹೋಗಿ ಉಂಡಿ ತಿಂದು, ಜೋಕಾಲಿ ಜೀಕಿ, ಕೈಗೆ ಕೆಲಸವಿಲ್ಲದೆ ಕೂತು ಬರಬೇಕು. ವರ್ಷಕ್ಕೊಮ್ಮೆ ಸಿಗುವ ರಜೆ. ಹಿರಿಯ ಸೊಸೆಯ ತಮ್ಮ ಕಿತ್ತೂರಿನಿಂದ ಬರುತ್ತಾನೆ. ನಡುವಿನವಳ ಅಣ್ಣ ಸಂಗೊಳ್ಳಿಯಿಂದ ಬರುತ್ತಾನೆ. ನೀಲವ್ವನಿಗೆ ಯಾರೂ ಬರುವುದಿಲ್ಲ.

ಅವಳ ಊರು ನವಿಲುತೀರ್ಥದ ಆಣೆಕಟ್ಟಿನ ಹಿನ್ನೀರಿನ ಕೆಳಗಿದೆ. ಮದುವೆಯಾದಾಗ ಊರು ಇತ್ತು. ಆಮೇಲೆ ನೀರು ನಿಂತಿತು. ತಂದೆತಾಯಿ ಇಲ್ಲ. ಅಣ್ಣ ಶಿವಪ್ಪ ಎತ್ತರದ ನೆಲದಲ್ಲಿ ಹೊಸದಾಗಿ ಹಾಕಿದ ಊರಿನಲ್ಲಿ ತಗಡಿನ ಮನೆ ಕಟ್ಟಿಕೊಂಡಿದ್ದಾನೆ. ಬೀಗರ ಮುಂದೆ ಬರಲು ನಾಚಿಕೆಯೋ, ತಂಗಿಯನ್ನು ಕರೆದೊಯ್ದು ಎಲ್ಲಿ ಕೂರಿಸಲಿ ಎಂಬ ಚಿಂತೆಯೋ, ಅಂದಿನಿಂದ ಕರೆಯಲು ಬರುವುದನ್ನು ಬಿಟ್ಟ. ಕರೆಯದೆ ಹೋಗುವಂತಿಲ್ಲ. ಹಾಗಾಗಿ ಪ್ರತಿ ಪಂಚಮಿಗೆ ಇಬ್ಬರು ಸೊಸೆಯರು ಹೋಗುತ್ತಾರೆ. ಉಳಿದವರಿಗೆಲ್ಲ ನೀಲವ್ವ ರೊಟ್ಟಿ ಬಡಿಯುತ್ತಾಳೆ. "ಆಕಿಗೆ ರೂಢಿ ಐತಿ" ಎನ್ನುತ್ತಾರೆ ಮನೆಯವರು.

ಈ ಸಲವಾದರೂ ಅವಳು ತವರಿಗೆ ಹೋಗುತ್ತಾಳೋ ಇಲ್ಲವೋ? ನಾನು ಹೇಳಹೊರಟಿರುವುದು ಇದನ್ನೇ. ಇಲಿಗಳು ದಾರಿಗೆ ಅಡ್ಡ ಬಂದವು.

ಹಬ್ಬ ಇನ್ನೂ ದೂರವಿದ್ದಾಗ, ಒಂದು ರವಿವಾರ, ಬಸು ನನ್ನನ್ನು ಕರೆಸಿದ. ಅಂದು ಇಲಿ ಕೊಯ್ಯುವ ದಿನ. ಕಾಲೇಜಿನಿಂದ ಗಾಜಿನ ಪೆಟ್ಟಿಗೆಯೊಳಗಿನ ಸೂಕ್ಷ್ಮ ತಕ್ಕಡಿ ತಂದಿದ್ದ. ಅವನು ತೂಕ ಕೂಗಬೇಕು, ನಾನು ಬರೆದುಕೊಳ್ಳಬೇಕು. ಇಲಿಗಳನ್ನು ಮೊದಲೇ ಔಷಧ ಮೂಸಿಸಿ ಮಲಗಿಸಿದ್ದ. ಅವು ಮತ್ತೆ ಏಳುವುದಿಲ್ಲ.

ಮೊದಲು ಕೆಂಪು ದಾರದವು. ಗ್ರಂಥಿ ಸಾಸಿವೆ ಕಾಳಿಗಿಂತ ದೊಡ್ಡದಲ್ಲ. ಆದರೂ ಇರಬೇಕಾದ್ದಕ್ಕಿಂತ ದಪ್ಪವಂತೆ. ಬಸುವಿನ ಮುಖ ಅರಳಿತು. "ಬಂತು ನೋಡಣ್ಣ ರಿಸಲ್ಟು!"

ಆಮೇಲೆ ಬಿಳಿ ದಾರದವು. ಅವೂ ದಪ್ಪ.

ಇನ್ನೊಂದು ಕೊಯ್ದ. ಅದೂ ದಪ್ಪ. ಮತ್ತೊಂದು. ಅವನ ದನಿ ಸಣ್ಣದಾಗುತ್ತ ಬಂತು. ಕೊನೆಯ ಇಲಿಯ ಹೊತ್ತಿಗೆ ತೂಕವನ್ನು ಕೂಗಲಿಲ್ಲ, ನನ್ನ ಕಿವಿಯಲ್ಲಿ ಹೇಳಿದಂತೆ ಹೇಳಿದ.

ಅರ್ಥವಾಯಿತಲ್ಲ? ಕಾಡಿಸಿಕೊಂಡ ಇಲಿಗೂ ಆರಾಮಾಗಿದ್ದ ಇಲಿಗೂ ವ್ಯತ್ಯಾಸವೇ ಇಲ್ಲ. ವ್ಯತ್ಯಾಸ ಇಲ್ಲದಿದ್ದರೆ ಥೀಸಿಸ್ ಇಲ್ಲ.

"ಹಿಂಗ ಹೆಂಗಾಗತೈತಿ? ಕೊಟಗ್ಯಾಗ ಬೆಕ್ಕು ಹೊಕ್ಕಿರಬೇಕು" ಎಂದ ಬಸು. "ಇಲ್ಲಾಂದ್ರ ಜಿನ್ನಿಂಗ್ ಗಿರಣಿ ಸಪ್ಪಳಾ."

ನೀಲವ್ವ ಚಹ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನಾನು ಗಂಡನ ಕಡೆಯ ಹಿರಿಯ. ನನ್ನೆದುರು ಅವಳು ಮಾತಾಡಿದ್ದು ಅಪರೂಪ.

"ಬೆಕ್ಕಲ್ರಿ" ಎಂದಳು. "ನಾನ ಮಾಡೇನಿ."

"ನೀ ಏನ್ ಮಾಡಿದಿ?"

"ದಾರಾ ಬದಲಿ ಕಟ್ಟೇನಿ. ಸೋಮವಾರಕ್ಕೊಮ್ಮೆ."

ಬಸು ಕತ್ತರಿ ಕೆಳಗಿಟ್ಟ. "ಯಾಕ?"

"ಸೋಮವಾರ ಎತ್ತು ಸೈತ ಹೂಡಂಗಿಲ್ಲಲ್ರಿ."

ನಮ್ಮ ಒಕ್ಕಲು ಮನೆಗಳಲ್ಲಿ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಬಸವಣ್ಣನ ವಾರ ಅದು. ಎಷ್ಟೇ ಬಿತ್ತುವ ಅವಸರವಿರಲಿ, ಅಂದು ಎತ್ತು ಮೆಲುಕು ಹಾಕುತ್ತ ನಿಲ್ಲುತ್ತದೆ. ಇಲಿಗಳಿಗೂ ಸೋಮವಾರ ಬಿಡುವು ಸಿಗುತ್ತದೆ ಎಂದು ನೀಲವ್ವ ತಿಳಿದಿದ್ದಳು. ಮೊದಲ ಸೋಮವಾರ ಗಂಡನನ್ನು ಕೇಳಿಯೂ ಇದ್ದಳಂತೆ. "ಸೈನ್ಸಿಗೆ ಸೋಮವಾರ ಇಲ್ಲ" ಎಂದು ಅವನು ನಕ್ಕಿದ್ದನಂತೆ.

"ಹೂಡೂದು ತಪ್ಪಸಾಕ ನನ್ನ ಕೈಲೆ ಆಗಲಿಲ್ಲ. ಅದಕ್ಕ ಪಾಳಿ ಹಚ್ಚಿದ್ನಿ" ಎಂದಳು ನೀಲವ್ವ. "ಒಂದ ವಾರ ಇವು, ಒಂದ ವಾರ ಅವು. ದಿನಾ ಅವೇ ಯಾಕ?"

ಪಂಜರಕ್ಕೆ ದಾರ ಕಟ್ಟಿದ್ದ ಬಸು ಇಲಿಗಳಿಗೆ ಬೇರೆ ಬೇರೆ ಗುರುತು ಮಾಡಿರಲಿಲ್ಲ. ಎಲ್ಲವೂ ಬಿಳಿ, ಎಲ್ಲವೂ ಕೆಂಪು ಕಣ್ಣು. ಅದು ಅವನ ಸೋಮಾರಿತನ. ಆ ಮಾತನ್ನು ಅವನು ಆಗ ಆಡಲಿಲ್ಲ. ಈಗಲೂ ಆಡಿಲ್ಲ.

"ಪಾಳಿ ಹಚ್ಚಿ ಪುಣ್ಯಾ ಕಟಗೊಂಡಿ ಅಂತ ತಿಳದೀ ಏನು?" ಎಂದ. ಸಿಟ್ಟಿಗಿಂತ ದಣಿವೇ ಹೆಚ್ಚಿತ್ತು. "ದಿನಾ ಬರೂ ಕಷ್ಟಕ್ಕ ಇಲಿ ಒಂದೀಟರ ಹೊಂದಿಕೋತೈತಿ. ಯಾವಾಗ ಬರತೈತಿ, ಯಾವಾಗ ಬಿಡತೈತಿ ಅನ್ನೂದು ಗೊತ್ತಾಗದಿದ್ರ ಇನ್ನೂ ಕೆಡತೈತಿ. ಎರಡೂ ಗುಂಪು ಕೆಡಿಸಿಟ್ಟಿ."

"ಹಂಗಾರ ದಿನಾ ಬರೂದ ಛಲೋ ಅಂತೀರೇನು?"

ಅದು ಉತ್ತರ ಕೇಳುವ ದನಿ ಆಗಿರಲಿಲ್ಲ.

ಪಡಸಾಲೆಯಲ್ಲಿ ಜೋಳ ಕೇರುತ್ತಿದ್ದ ಚಿಗವ್ವನ ಮೊರದ ಸಪ್ಪಳ ನಿಂತಿತು. "ಯಾರಿಗಂದಿ ನೀಲವ್ವಾ ಈ ಮಾತು?"

"ಇಲಿಗಂದೇನ್ರಿ ಅತ್ತಿ."

ಇಲ್ಲಿ ಸ್ವಲ್ಪ ನಿಲ್ಲಬೇಕು. ಆ ಹೊತ್ತಿನಲ್ಲಿ ಅವಳು ಅಳುತ್ತಿದ್ದಳು ಎಂದು ಬಸು ಹೇಳುತ್ತಾನೆ. ನಗುತ್ತಿದ್ದಳು ಎಂದು ಚಿಗವ್ವ. ನನ್ನ ನೆನಪಿನಲ್ಲಿ ಅವಳ ಮುಖವೇ ಇಲ್ಲ, ತಲೆಯ ಮೇಲಿನ ಸೆರಗು ಮಾತ್ರ ಇದೆ. ಮೂವರು ಒಬ್ಬಳನ್ನೇ ನೋಡಿದೆವು. ಪೇಪರಿಗೆ ಬರೆಯುವ ನಾನು ಯಾವುದನ್ನು ಬರೆಯಲಿ? ಚಹ ಆರಿಹೋಗಿತ್ತು. ಅಷ್ಟನ್ನು ಮೂವರೂ ಒಪ್ಪುತ್ತೇವೆ.

ಧಾರವಾಡದ ಗೈಡ್ ಎಲ್ಲವನ್ನೂ ಕೇಳಿ, ಮತ್ತೆ ಮೊದಲಿನಿಂದ ಮಾಡಿ, ಈ ಸಲ ಮನೆಯವರನ್ನು ದೂರ ಇಡಿ ಎಂದರಂತೆ. ಹೊಸ ಇಲಿಗಳು ಬಂದವು. ಒಂದೊಂದರ ಮೈಮೇಲೆ ಬಣ್ಣದ ಗುರುತು ಬಿತ್ತು. ಕೊಟ್ಟಿಗೆಗೆ ಬೀಗ ಬಿತ್ತು. ಕೀಲಿಕೈ ಬಸುವಿನ ಕಿಸೆಯಲ್ಲಿ. ಈಗ ದಿನವೂ ಅವೇ ಇಲಿಗಳು ಕೊಳವೆಗೆ ಹೋಗುತ್ತವೆ. ವಿಜ್ಞಾನ ಸುರಕ್ಷಿತವಾಗಿದೆ.

ಮನೆ ಮಾತ್ರ ಸರಿಯಾಗಲಿಲ್ಲ. ಯಾರೂ ಜಗಳವಾಡಲಿಲ್ಲ. ಚಿಗವ್ವ ಊಟಕ್ಕೆ ಕೂತಾಗ ನೀಲವ್ವನ ಕೈಯನ್ನೇ ನೋಡುತ್ತಿದ್ದಳಂತೆ. "ದಿನಾ ಅವೇ ಯಾಕ" ಎಂಬುದು ಎಲ್ಲಿ ನಾಟಬೇಕೋ ಅಲ್ಲಿ ನಾಟಿತ್ತು. ಪಂಚಮಿ ಹತ್ತಿರ ಬಂತು. ಕಿತ್ತೂರಿನವರು ಬಂದು ಹಿರಿಯ ಸೊಸೆಯನ್ನು ಕರೆದೊಯ್ದರು. ಸಂಗೊಳ್ಳಿಯವರೂ ಬಂದು ಹೋದರು. ಅಂದು ಸಂಜೆ ಚಿಗವ್ವ ನನ್ನನ್ನು ಕರೆಸಿ, ನೀಲವ್ವನ ಎದುರಿಗೇ ಹೇಳಿದಳು:

"ಕರಿಯಾಕ ಬರದಿದ್ರ ಏನಾತು? ಕಳಸಾಕ ನಮಗ ಮನಸಿಲ್ಲೇನು? ರೊಟ್ಟಿ ನಾ ಬಡೀತೇನಿ. ಬಸ್ಯಾ ತನ್ನ ಇಲಿ ಬಿಟ್ಟು ಬರಂಗಿಲ್ಲ. ನೀ ಹೆಂಗೂ ಸವದತ್ತಿಗೆ ಹೊಂಟೀಯಲ್ಲೋ, ಈಕಿನ್ನ ಅವರಣ್ಣನ ಮನಿಗೆ ಮುಟ್ಟಿಸಿ ಹೋಗು."

ಈ ವಯಸ್ಸಿನಲ್ಲಿ ಒಲೆಯ ಮುಂದೆ ಕೂರುತ್ತೇನೆ ಎನ್ನುವುದು ಸಣ್ಣ ಮಾತಲ್ಲ. ನಾನು ನೀಲವ್ವನ ಕಡೆ ನೋಡಿದೆ. ಖುಷಿಪಡುತ್ತಾಳೆ ಎಂದುಕೊಂಡೆ.

"ಹೂಂ" ಎಂದಳು. ನಿಂತಲ್ಲೇ ನಿಂತಳು. ಚೀಲ ತುಂಬಿಕೊಳ್ಳಲು ಚಿಗವ್ವನೇ ಎರಡು ಸಲ ಹೇಳಬೇಕಾಯಿತು.

ಮುಚ್ಚಳವಿಲ್ಲದ ಪೆಟ್ಟಿಗೆ, ಮೂಲೆ ಹಿಡಿದ ಇಲಿ: ಹೋಲಿಕೆ ತಾನಾಗಿ ಬಂದು ಬಾಗಿಲಲ್ಲಿ ನಿಂತಿತು. ಓಡಿಸಿದೆ. ಹೆಂಗಸು ಇಲಿಯಲ್ಲ. ಹಾಗೆ ಬರೆದರೆ ನನಗೆ ಕೆಲಸ ಹಗುರವಾಗುತ್ತದೆ, ಅವಳಿಗೆ ಏನೂ ಆಗುವುದಿಲ್ಲ. ಆದರೆ "ರೂಢಿ ಐತಿ" ಎಂಬ ಮಾತನ್ನು ನಾವು ಎಷ್ಟು ಸಲೀಸಾಗಿ ಆಡುತ್ತೇವೆ! ಜಿನ್ನಿಂಗ್ ಗಿರಣಿಯ ಹೆಣ್ಣಾಳು ದಿನವಿಡೀ ಅರಳೆಯ ಧೂಳು ಕುಡಿದು ಕೆಮ್ಮುತ್ತಾಳೆ, ರೂಢಿ ಐತಿ. ಮಗ್ಗದ ಮನೆಯಲ್ಲಿ ಹುಟ್ಟಿದ ಕೂಸು ಸಪ್ಪಳ ನಿಂತರೆ ಎದ್ದು ಅಳುತ್ತದೆ, ರೂಢಿ ಐತಿ. ಈ ಮಾತು ಆಡಿದ ಮೇಲೆ ನಾವು ಏನೂ ಮಾಡಬೇಕಾಗಿಲ್ಲ. ಎಂಥ ಅನುಕೂಲದ ಮಾತು!

ಮರುದಿನ ಮುಂಜಾನೆ ಬಸ್ ಹತ್ತಿದೆವು. ಅವಳು ಮುಂದೆ ಹೆಂಗಸರ ಸೀಟಿನಲ್ಲಿ, ನಾನು ಹಿಂದೆ. ಮುನವಳ್ಳಿ ದಾಟಿ ಹಿನ್ನೀರು ಕಂಡಾಗ ಅವಳು ತಾನಾಗಿ ತಿರುಗಿ ಮಾತಾಡಿದಳು.

"ಅಲ್ನೋಡ್ರಿ ಭಾವಾರ, ಅಲ್ಲೇ ನಮ್ಮ ಹೊಲಾ."

ನೋಡಿದೆ. ನೀರು. ಮಳೆಗಾಲದ ಕೆಂಪು ನೀರು, ಮೇಲೆ ಮೋಡ.

"ಅಲ್ಲಲ್ಲ. ಇಲ್ಲಿರಬೇಕು" ಎಂದು ಬೆರಳನ್ನು ಈ ಕಡೆ ತಂದಳು. ಬಸ್ ಒಂದು ತಿರುವು ತೆಗೆದುಕೊಂಡಿತು. ಬೆರಳು ಮತ್ತೆ ಸರಿಯಿತು. ಆಮೇಲೆ ಕೈಯನ್ನು ಮಡಿಲಲ್ಲಿಟ್ಟುಕೊಂಡಳು. "ನೀರಿನ ಮ್ಯಾಲ ಗುರ್ತಾ ಹೆಂಗ ಹಿಡೀಲಿರಿ?"

ನೆಲದ ಮೇಲಿನ ಗುರುತುಗಳನ್ನೇ ನಾನು ಅಷ್ಟಾಗಿ ನಂಬುವವನಲ್ಲ.

ಸವದತ್ತಿಗಿಂತ ಈಚೆಗೆ ಇಳಿದು ನಡೆದೆವು. ಹೊಸ ಊರು ಎಂದರೆ ಗೆರೆ ಎಳೆದಂತೆ ಮನೆಗಳು, ನೆರಳಿಗೆ ಮರವಿಲ್ಲ, ಕಾಲಿಗೆ ಅಂಟುವ ಎರೆಮಣ್ಣು. ಜೋಕಾಲಿ ಕಟ್ಟಲು ಟೊಂಗೆ ಎಲ್ಲಿ ಎಂದು ನಾನು ಸುಮ್ಮನೆ ಕಣ್ಣಾಡಿಸಿದೆ. ಒಂದು ಮನೆಯ ತೊಲೆಗೆ ಹಗ್ಗ ಬಿಗಿದು ಹುಡುಗಿಯರು ಜೀಕುತ್ತಿದ್ದರು. ಕಾಲು ಗೋಡೆಗೆ ತಾಗುತ್ತಿತ್ತು.

ಶಿವಪ್ಪನ ಮನೆ ಮುಂದೆ ಒಬ್ಬ ಗಂಡಸು ಕುಕ್ಕರಗಾಲಲ್ಲಿ ಕೂತಿದ್ದ. ಪಕ್ಕದಲ್ಲಿ ಕಟ್ಟಿಟ್ಟ ಗಂಟು. ಬಾಗಿಲಲ್ಲಿ ಶಿವಪ್ಪನ ಹೆಂಡತಿ ಕಲ್ಲವ್ವ, ಇಳಕಲ್ಲ ಸೀರೆ ಉಟ್ಟು, ಮುಡಿಗೆ ಹೂ ಮುಡಿದು, ಚಪ್ಪಲಿ ಮೆಟ್ಟುತ್ತಿದ್ದಳು. ಕೂತಿದ್ದವನು ಅವಳ ಅಣ್ಣ, ರಾಮದುರ್ಗದ ನೇಕಾರ. ಮಗ್ಗ ನಿಲ್ಲಿಸಿ ತಂಗಿಯನ್ನು ಪಂಚಮಿಗೆ ಕರೆದೊಯ್ಯಲು ಬಂದಿದ್ದ.

ಹೇಳಿ ಕಳಿಸದೆ ಬರುವುದು ಎಂಥ ತಪ್ಪು ಎಂದು ನನಗೆ ಹೊಳೆದದ್ದು ಆಗ.

"ಅರೇ, ನೀಲಾ ಬಂದ್ಲು!" ಎಂದು ಶಿವಪ್ಪ ಒಳಗಿನಿಂದ ಓಡಿಬಂದ. ತಂಗಿಯ ಕೈಯಿಂದ ಚೀಲ ಇಸಿದುಕೊಂಡ. ಎಲ್ಲಿಡಬೇಕೆಂದು ತಿಳಿಯದೆ ಹಿಡಿದೇ ನಿಂತ. ಕಲ್ಲವ್ವ ಮೆಟ್ಟಿದ ಚಪ್ಪಲಿ ಬಿಟ್ಟಳು. ಕಾಲಿಗೆ ನೀರು ತಂದು ಕೊಟ್ಟಳು. ಆಮೇಲೆ ಯಾರೂ ಹೇಳದೆ ಗಂಟಿನ ಮುಂದೆ ಕೂತು ಅದನ್ನು ಬಿಚ್ಚತೊಡಗಿದಳು.

"ಏನವಾ ಕಲ್ಲವ್ವಾ, ಬಸ್ಸಿಗೆ ಹೊತ್ತಾತು" ಎಂದ ನೇಕಾರ.

"ನೀ ಹೋಗಪಾ ಅಣ್ಣಾ. ನಾದಿನಿ ಹಬ್ಬಕ್ಕ ಬಂದಾಳ, ನಾ ಹೆಂಗ ಬರಲಿ? ಬರೂ ವರ್ಷ ನೋಡೂನು."

"ಹ್ವಾದ ವರ್ಷನೂ ಇದನ್ನ ಅಂದಿ."

"ಹ್ವಾದ ವರ್ಷ ಮನಿಗೆ ತಗಡು ಹೊದಸಾಕ ಹತ್ತಿದ್ರು. ಈ ವರ್ಷ ಇದು. ನಾ ಏನ್ ಮಾಡ್ಲಿ, ಅರ್ಧಾ ಅಲ್ಲಿ ಅರ್ಧಾ ಇಲ್ಲಿ ಇರಲೇನು?" ಎಂದು ನಗಲು ನೋಡಿದಳು.

ಗಂಟಿನೊಳಗಿಂದ ಉಂಡಿಯ ಡಬ್ಬಿ ತೆಗೆದಳು. ತವರಿಗೆ ಒಯ್ಯಲೆಂದು ಮಾಡಿದ್ದು. ಮುಚ್ಚಳ ತೆರೆದು ನೀಲವ್ವನ ಮುಂದೆ ಹಿಡಿದಳು. "ತಗೋ ನೀಲವ್ವಾ. ಶೇಂಗಾದ್ದು."

ನೀಲವ್ವ ತೆಗೆದುಕೊಳ್ಳಲಿಲ್ಲ. ಡಬ್ಬಿಯ ಮುಚ್ಚಳ ಹಾಕಿದಳು. "ವೈನಿ, ಗಂಟು ಕಟ್ಟ್ರಿ. ನೀವು ಹೋಗ್ರಿ."

"ಹುಚ್ಚೀ ಏನು? ನೀ ಹಬ್ಬಕ್ಕ ಬಂದಾಕಿ. ನಿನ್ನ ಕೈಲೆ ರೊಟ್ಟಿ ಬಡಿಸಿ ನಾ ಉಂಡಿ ತಿನ್ನಾಕ ಹೋಗ್ಲೇನು? ಮಂದಿ ಏನಂದಾರು?"

"ಮಂದಿ ಎಲ್ಲಿ ಅದಾರ್ರೀ ವೈನಿ? ಊರ ನೀರಾಗ ಹೋಗೇತಿ."

ಶಿವಪ್ಪ ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ. "ನೀ ನಾಕ ದಿನಾ ಕುಂದರಬೇಕಂತ ಬಂದೀ ತಂಗಿ" ಎಂದ.

"ಕುಂತು ರೂಢಿ ಇಲ್ಲಣ್ಣ."

ಅವಳೇ ಗಂಟು ಕಟ್ಟಿದಳು. ಬಿಗಿಯಾಗಿ, ಎರಡು ಸುತ್ತು. ಕಲ್ಲವ್ವ ಬೇಡ ಬೇಡ ಎನ್ನುತ್ತಲೇ ಚಪ್ಪಲಿ ಮೆಟ್ಟಿದಳು. ಹಿಟ್ಟು ಎಲ್ಲಿದೆ, ಎಳ್ಳು ಎಲ್ಲಿದೆ, ಓಣಿಯಲ್ಲಿ ಯಾರ್ಯಾರ ಮನೆಗೆ ರೊಟ್ಟಿ ಕೊಡಬೇಕು ಎಂದು ಹೇಳುತ್ತ ಹಿಂದಕ್ಕೆ ನಡೆದಳು. ಆಮೇಲೆ ಮುಂದಕ್ಕೆ ತಿರುಗಿ ಅಣ್ಣನ ಹಿಂದೆ ಹೆಚ್ಚುಕಡಿಮೆ ಓಡಿದಳು. ಅಷ್ಟು ವೇಗದಲ್ಲಿ ನಡೆದ ಹೆಂಗಸನ್ನು ನಾನು ನೋಡಿಲ್ಲ.

ಅಂದು ರೊಟ್ಟಿ ಪಂಚಮಿ. ಮರುದಿನ ನಾಗಪ್ಪನಿಗೆ ಹಾಲೆರೆಯುವ ದಿನ ಒಲೆಯ ಮೇಲೆ ಹಂಚು ಇಡುವಂತಿಲ್ಲ. ಹಾಗಾಗಿ ಎಲ್ಲ ರೊಟ್ಟಿಯನ್ನೂ ಹಿಂದಿನ ದಿನವೇ ಬಡಿದು ಓಣಿಗೆ ಹಂಚಬೇಕು. ನೀಲವ್ವ ಸೆರಗು ಸಿಕ್ಕಿಸಿ ಒಲೆಯ ಮುಂದೆ ಕೂತಳು. ಜೋಳದ ಹಿಟ್ಟಿಗೆ ಬಿಸಿನೀರು ಹಾಕಿ ನಾದತೊಡಗಿದಳು. ಅವಳ ಕೈ ಯಾರನ್ನೂ ಕೇಳಬೇಕಾಗಿರಲಿಲ್ಲ.

ನಾನು ಹೊರಟೆ. ಬಾಗಿಲ ತನಕ ಬಂದಳು.

"ಭಾವಾರ, ಮನ್ಯಾಗ ಹೇಳಬ್ಯಾಡ್ರಿ. ಅತ್ತಿ ಸುಮ್ಮನ ನೊಂದುಕೋತಾರ."

"ಪೇಪರಿನ್ಯಾಗ ಬರೀಲೇನು?" ಎಂದು ಕೇಳಿದೆ. ಚೇಷ್ಟೆಗೋ, ಹೊಟ್ಟೆಪಾಡಿಗೋ.

"ಬರೀರಿ. ನಿಮ್ಮ ಪೇಪರು ನಮ್ಮ ಮನ್ಯಾಗ ಪಂಜರದ ಕೆಳಗ ಹಾಸತಾರ. ಓದಿದ್ರ ಇಲಿ ಓದಬೇಕು."

ಆಗ ಅವಳು ನಕ್ಕಳು ಎಂದು ನನ್ನ ನೆನಪು. ಆದರೆ ನಾನು ಆಗಲೇ ತಿರುಗಿ ನಡೆಯುತ್ತಿದ್ದೆ. ನಕ್ಕಿರಲಿ ಎಂದು ನನಗೇ ಬೇಕಾಗಿತ್ತೇನೋ. ಕೇಳಿಸಿದ್ದು ರೊಟ್ಟಿ ಬಡಿಯುವ ಸಪ್ಪಳ ಮಾತ್ರ. ಅದು ಬೈಲಹೊಂಗಲದಲ್ಲಿ ಕೇಳುವ ಸಪ್ಪಳವೇ.

ಹಬ್ಬ ಮುಗಿದ ಮೇಲೆ ಶಿವಪ್ಪ ತಂಗಿಯನ್ನು ತಂದು ಬಿಟ್ಟು ಹೋದ. ನಾನು ಹೋದಾಗ ಚಿಗವ್ವ ಸೊಂಟಕ್ಕೆ ಎಣ್ಣೆ ಹಚ್ಚಿಸಿಕೊಂಡು ಕಂಬಕ್ಕೆ ಒರಗಿದ್ದಳು. ಒಲೆಯ ಮುಂದೆ ಕೂತು ಅವಳ ನಡ ಹಿಡಿದಿತ್ತು. ಆದರೂ ಮುಖದಲ್ಲಿ ದೊಡ್ಡ ಭಾರ ಇಳಿಸಿದ ಸಮಾಧಾನ.

"ಆರಾಮ ಆತೇನವಾ ನೀಲವ್ವಾ?"

"ಆತ್ರಿ ಅತ್ತಿ."

"ನೋಡಣ್ಣ, ಮಾರಿ ಮ್ಯಾಲ ಹೆಂಗ ಕಳಾ ಬಂದೈತಿ!" ಎಂದ ಬಸು. ಕೈಯಲ್ಲಿ ಕೊಟ್ಟಿಗೆಯ ಕೀಲಿಕೈ ಇತ್ತು. ಹೊರಗಿನಿಂದ ನೋಡಿ ಏನೂ ತಿಳಿಯುವುದಿಲ್ಲ ಎಂದು ನನಗೆ ಕಲಿಸಿದವನು ಅವನೇ. ನಾನೂ ನೋಡಿದೆ. ಕಳೆ ಬಂದಿತ್ತೋ ಇಲ್ಲವೋ, ನನಗೆ ತಿಳಿಯಲಿಲ್ಲ. ಆ ವಾರ ಪಾಳಿ ಯಾರದೆಂದು ಕೇಳಿದೆ. ನೀಲವ್ವನದೇ ಅಂತೆ. ನಾಲ್ಕು ದಿನ ಕೂತು ಬಂದಿದ್ದಾಳಲ್ಲ.

ಇರಲಿ. ನನ್ನ ನಿದ್ದೆ ಕೆಡಿಸಿರುವುದು ಬೇರೆ ಸಂಗತಿ.

ಕಲ್ಲವ್ವ ರಾಮದುರ್ಗ ಮುಟ್ಟಿದಳು. ಪಡಸಾಲೆಯಲ್ಲಿ ಕೂತು ಉಂಡಿ ತಿಂದಳು. ಆ ನೇಕಾರನಿಗೂ ಒಬ್ಬ ಹೆಂಡತಿ ಇದ್ದಾಳಂತೆ, ಅವಳಿಗೂ ಎಲ್ಲೋ ಒಂದು ತವರು ಇರಬೇಕು.

ನಾದಿನಿ ಬಂದ ಆ ದಿನ ಅವಳು ಯಾವ ಗಂಟು ಬಿಚ್ಚಿದಳು?